ಕೋರಿಕೆಯ ಚೀಟಿ

ಬೊಮ್ಮನಹಳ್ಳಿಯ ನಮ್ಮ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ತರುಣನು ಊರೆಲ್ಲ ದೀಪ ಹಚ್ಚುವ ವೇಳೆಗೆ ಹೆಗಲಿಗೆ ಕರಿಯ ಚೀಲವನ್ನೇರಿಸಿ ಹೊರಟು, ಹೊಸೂರು ರಸ್ತೆಯಲ್ಲಿ ಲಾರಿಗಳ ಹೊರತು ಮತ್ತಾವ ಸದ್ದೂ ಉಳಿಯದ ವೇಳೆಗೆ ಮರಳುವುದನ್ನು ಕಂಡು, ಇವನೂ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಚೇರಿಯಲ್ಲಿ ಅಮೆರಿಕದವರ ಹಗಲಿಗೆ ತನ್ನ ಇರುಳನ್ನು ಒತ್ತೆಯಿಟ್ಟವನಿರಬೇಕೆಂದು ನಾನು ಬಹುಕಾಲ ಭಾವಿಸಿದ್ದೆನು. ಒಂದು ರಾತ್ರಿ ನಿದ್ದೆ ಬಾರದೆ ಹೊರಗೆ ಬಂದಾಗ, ಅವನು ಮೆಟ್ಟಿಲ ಮೇಲೆ ಕುಳಿತು, ಗುಂಡಿಗಳೂ ತಿರುಗಣೆಗಳೂ ತುಂಬಿದ ಯಂತ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಬನಿಯನ್ನಿನಿಂದ ಅದರ ಸಂದುಗೊಂದುಗಳನ್ನು ಒರೆಸುತ್ತಿದ್ದನು. ಅಂಗಿ ತೊಯ್ದಿತ್ತು, ಬಿಯರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು, ಆದರೆ ಹುಡುಗ ಕುಡಿದಿರಲಿಲ್ಲ.

"ಏನಪ್ಪಾ, ಏನಾಯ್ತು?" ಎಂದೆ.

"ಏನಿಲ್ಲ ಅಂಕಲ್, ಬರ್ತ್‌ಡೇ ಪಾರ್ಟಿಯವರು. ಕೇಳಿದ ಹಾಡು ಹಾಕ್ಲಿಲ್ಲ ಅಂತ ಒಬ್ಬರು ತಾವೇ ಹಾಕೋಕೆ ಕೈ ಚಾಚಿದ್ರು. ಗ್ಲಾಸು ಅದೇ ಕೈಯಲ್ಲಿತ್ತು."

ಅವನು ಪಬ್ಬುಗಳಲ್ಲಿ ಹಾಡು ನುಡಿಸುವ ಡಿಜೆ ಎಂಬುದು ನನಗೆ ತಿಳಿದದ್ದು ಹೀಗೆ. ಅಂದಿನಿಂದ ಆ ವೃತ್ತಿಯ ಕಷ್ಟಸುಖಗಳನ್ನು ಕೇಳುವುದು ನನಗೊಂದು ಅಭ್ಯಾಸವೇ ಆಯಿತು. ಗಿರಾಕಿಗಳಲ್ಲಿ ಭುಜ ತಟ್ಟುವವರುಂಟು. ಯೂಟ್ಯೂಬ್ ತೆರೆದ ಫೋನನ್ನು ಕಣ್ಣಿಗೇ ಒಡ್ಡುವವರುಂಟು. ಐನೂರರ ನೋಟನ್ನು ಯಂತ್ರದ ಕೆಳಗೆ ತುರುಕಿ, ಇನ್ನು ಈ ರಾತ್ರಿಯೆಲ್ಲ ತಮ್ಮದೆಂದು ಭಾವಿಸುವವರುಂಟು. ಹತ್ತು ನಿಮಿಷದ ಹಿಂದೆ ಮುಗಿದ ಹಾಡನ್ನೇ ಬೇಡುವವರುಂಟು. ಇವರೆಲ್ಲರಿಗಿಂತ ಕಠಿನರಾದವರು "ಏನಾದ್ರೂ ಒಳ್ಳೇದು ಹಾಕು ಗುರು" ಎನ್ನುವವರಂತೆ. ಏಕೆಂದರೆ ಹೆಸರು ಹೇಳಿ ಕೇಳಿದವನನ್ನು ತೃಪ್ತಿಪಡಿಸಬಹುದು, ಒಳ್ಳೆಯದನ್ನು ಕೇಳಿದವನನ್ನು ತೃಪ್ತಿಪಡಿಸಿದವರು ಲೋಕದಲ್ಲಿ ಯಾರಿದ್ದಾರೆ? ಒಂದು ಹಾಡು ಸಭೆಯ ಕಿವಿಯಲ್ಲಿ ನಡೆಯುತ್ತಿರುವಾಗಲೇ ಮುಂದಿನ ಹಾಡನ್ನು ಅವನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಆಲಿಸಿ, ನಿಮಿಷಕ್ಕೆ 128 ಪೆಟ್ಟಿನ ನಡೆಗೆ 120 ಪೆಟ್ಟಿನದನ್ನು ಹೊಂದಿಸಿ, ಎರಡರ ಆವರ್ತಗಳೂ ಒಂದೇ ಎಡೆಯಲ್ಲಿ ಕೂಡುವಂತೆ ಕಾದು ಒಂದನ್ನು ತಗ್ಗಿಸಿ ಮತ್ತೊಂದನ್ನು ಏರಿಸಬೇಕು. ತನಿಯಾವರ್ತನ ಮುಗಿಸಿ ಕೃತಿಯ ಎತ್ತುಗಡೆಗೆ ಮರಳುವ ಮೃದಂಗದವನ ಮನಃಸ್ಥಿತಿ ಅದು. ಭುಜ ತಟ್ಟುವವನು ತಪ್ಪದೆ ಆ ಕ್ಷಣದಲ್ಲಿಯೇ ಬರುತ್ತಾನೆಂಬುದು ನನ್ನ ಬಾಡಿಗೆದಾರನ ದೃಢವಾದ ನಂಬಿಕೆ. ಆದುದರಿಂದ ಅವನು ಹೆಡ್‌ಫೋನಿನಲ್ಲಿ ಏನೂ ಕೇಳಿಸದಿರುವಾಗಲೂ ಅದನ್ನು ಕಿವಿಯಿಂದ ತೆಗೆಯುವುದಿಲ್ಲ. "ಬರುತ್ತೆ ಬ್ರೋ, ಇನ್ನೆರಡು ಆದ್ಮೇಲೆ" ಎಂಬುದು ಅವನ ನಿತ್ಯಮಂತ್ರ.

ಡಿಸ್ಕ್ ಜಾಕಿ ಎಂಬ ಪದವು 1930ರ ದಶಕದಲ್ಲಿ ಅಮೆರಿಕದ ರೇಡಿಯೋ ನಿಲಯಗಳ ಸುತ್ತ ಹುಟ್ಟಿತು; ಕುದುರೆಯ ಬದಲು ತಟ್ಟೆಯನ್ನು ಓಡಿಸುವ ಸವಾರನೆಂಬ ಪರಿಹಾಸ್ಯ ಅದರಲ್ಲಿದೆ. 1953ರಲ್ಲಿ ಪ್ಯಾರಿಸಿನ ಕ್ಲಬ್ಬೊಂದರಲ್ಲಿ ರೆಜಿನ್ ಎಂಬ ಮಹಿಳೆ ಎರಡು ತಿರುಗುಮಣೆಗಳನ್ನಿಟ್ಟು ಹಾಡಿನ ನಡುವಣ ಮೌನವನ್ನೇ ಅಳಿಸಿದಳೆಂದೂ, 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಕೂಲ್ ಹರ್ಕ್ ಎಂಬ ತರುಣನು ಹಾಡಿನ ತಾಳಭಾಗವೊಂದನ್ನೇ ಎಳೆದು ಬೆಳೆಸುವ ಕಲೆಯನ್ನು ತೋರಿದನೆಂದೂ ಆ ಚರಿತ್ರೆಯನ್ನು ಬರೆಯುವವರು ಹೇಳುತ್ತಾರೆ. ಅದಿರಲಿ, ನಮ್ಮ ನಾಡಿನಲ್ಲಿ ಈ ಪದಕ್ಕೊದಗಿದ ಗತಿಯೇ ಬೇರೆ. "ಈ ಸಲ ಗಣೇಶನಿಗೆ ಡಿಜೆ ಹಾಕಿಸಿದ್ದಾರೆ" ಎಂದಾಗಲೀ, "ಮೆರವಣಿಗೆಯಲ್ಲಿ ಡಿಜೆ ನಿಷೇಧ" ಎಂದಾಗಲೀ ನಾವು ಹೇಳುವಲ್ಲಿ ಡಿಜೆ ಎಂಬುದು ಮನುಷ್ಯನಲ್ಲ, ಟ್ರ್ಯಾಕ್ಟರಿನ ಮೇಲೆ ಗೋಪುರದಂತೆ ಪೇರಿಸಿದ ಧ್ವನಿಪೆಟ್ಟಿಗೆಗಳ ರಾಶಿ. ನುಡಿಸುವವನನ್ನು ಪೆಟ್ಟಿಗೆ ನುಂಗಿಹಾಕಿದೆ. ಪೆಟ್ಟಿಗೆಯಾದ ಮೇಲೆ ಗುಂಡಿಯೊತ್ತಲು ಯಾರ ಅಪ್ಪಣೆ ಬೇಕು?

ಹಾಗೆಂದು ಕಲಾವಿದನನ್ನು ತನ್ನ ಇಚ್ಛೆಗೆ ಎಳೆಯುವ ಚಪಲವು ಪಬ್ಬುಗಳೊಡನೆ ಬಂದಿತೆಂದು ತಿಳಿಯಬಾರದು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಸ್ಥಾಪಿತವಾದ 1884ರಿಂದ ಮೊದಲ್ಗೊಂಡು, ಎ. ವಿ. ವರದಾಚಾರ್ಯರ ಗಾನಕ್ಕಾಗಿಯೇ ಜನ ನಾಟಕಶಾಲೆಗೆ ನುಗ್ಗುತ್ತಿದ್ದ ದಿನಗಳನ್ನು ಹಾದು, ಚಲಚ್ಚಿತ್ರವು ರಂಗಭೂಮಿಯನ್ನು ಹಿಂದಿಕ್ಕುವವರೆಗೂ "ಒನ್ಸ್ ಮೋರ್" ಎಂಬ ಕೂಗು ಕನ್ನಡ ಪ್ರೇಕ್ಷಕರ ಜನ್ಮಸಿದ್ಧ ಹಕ್ಕಾಗಿತ್ತು. ರಣರಂಗದಲ್ಲಿ ಮಡಿದು ಬಿದ್ದ ವೀರನು ಸಭೆಯ ಕೂಗಿಗೆ ಮಣಿದು ಎದ್ದು ನಿಂತು, ಸಾಯುವ ಮುನ್ನಿನ ಹಾಡನ್ನು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸತ್ತನೆಂಬ ಕಥೆಯನ್ನು ನಮ್ಮ ಹಿರಿಯರಲ್ಲಿ ಹೇಳದವರಿಲ್ಲ. ಆದರೆ ಆ ಕೂಗು ಎಷ್ಟೇ ಜೋರಾಗಿದ್ದರೂ ಕುರ್ಚಿಯಿಂದ ಬರುತ್ತಿತ್ತು. ರಂಗದೀಪಗಳ ಸಾಲನ್ನು ದಾಟುತ್ತಿರಲಿಲ್ಲ. ಕರಾವಳಿಯ ಬಯಲಾಟದಲ್ಲಿಯೂ ಹಾಗೆಯೇ: ಹರಕೆಯಾಟ ಆಡಿಸುವ ಮನೆಯವರು ಇಂಥ ಪ್ರಸಂಗವೇ ಆಗಬೇಕೆಂದು ಮೊದಲೇ ಹೇಳಿಯಾರು, ಜಾಗಟೆ ಹಿಡಿದು ಭಾಗವತರು ಕುಳಿತ ಬಳಿಕ ಅವರ ಬೆನ್ನು ತಟ್ಟಿ ಪದ ಬದಲಿಸಿರೆಂದು ಹೇಳುವ ಧೈರ್ಯ ಯಾರಿಗಿದೆ?

ನಿಜವಾಗಿ ರಂಗವನ್ನೇರಿ ಬರುವ ಗಿರಾಕಿಯನ್ನು ನೋಡಬೇಕಾದರೆ ನಮ್ಮ ಬಯಲುಸೀಮೆಯ ಹಳ್ಳಿಗಳ ಕುರುಕ್ಷೇತ್ರ ನಾಟಕಕ್ಕೆ ಬರಬೇಕು. ಇಂದು ಗಾರ್ಮೆಂಟ್ ಕಾರ್ಖಾನೆಗಳೂ ಬಾಡಿಗೆ ಮನೆಗಳೂ ಒತ್ತೊತ್ತಾಗಿ ನಿಂತಿರುವ ಬೊಮ್ಮನಹಳ್ಳಿ, 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಕರಗುವ ಮುನ್ನ ತಾನೇ ಒಂದು ನಗರಸಭೆಯಾಗಿತ್ತು. ಅದಕ್ಕೂ ಮುನ್ನ ರಾಗಿಯ ಹೊಲಗಳ ನಡುವಣ ಹಳ್ಳಿ. ಸುಗ್ಗಿ ಮುಗಿದ ಮೇಲೆ ಸುತ್ತಮುತ್ತಣ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಟ್ಟು ನಾಟಕ ಕಟ್ಟುತ್ತಿದ್ದರು. ಪಾತ್ರಧಾರಿಗೆ ಸಂಬಳವಿಲ್ಲ, ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು, ದುರ್ಯೋಧನನಿಗಂತೂ ಹೆಚ್ಚು ದುಡ್ಡು. ನಡುರಾತ್ರಿ ಮೀರಿರುತ್ತದೆ. ದುರ್ಯೋಧನನು ಗದೆಯನ್ನು ಹೆಗಲಿಗೇರಿಸಿ, ಕಣ್ಣು ಕೆಂಪಾಗಿಸಿ, ಪದ್ಯದ ಕೊನೆಯ ಸಾಲನ್ನು ತಾರಸ್ಥಾಯಿಗೆ ಒಯ್ಯುತ್ತಿರುವಾಗ, ಪಕ್ಕದ ಪರದೆ ಸರಿದು, ಶರಟಿನ ತೋಳು ಮಡಿಚಿದ ಒಬ್ಬ ಭಾವಮೈದುನನು ಹತ್ತು ರೂಪಾಯಿ ನೋಟುಗಳ ಹಾರದೊಡನೆ ಹಸ್ತಿನಾವತಿಯನ್ನು ಪ್ರವೇಶಿಸುತ್ತಾನೆ. ಕೌರವೇಶ್ವರನು ರಾಗವನ್ನು ಬಿಡದೆಯೇ ಕಿರೀಟವನ್ನು ಒಂದು ಕೈಯಲ್ಲಿ ಹಿಡಿದು ತಲೆ ತಗ್ಗಿಸುತ್ತಾನೆ. ಹಾರ ಬೀಳುತ್ತದೆ. ಎದೆಗೆ ಇನ್ನೊಂದು ನೋಟನ್ನು ಪಿನ್ನಿನಿಂದ ಚುಚ್ಚುವಷ್ಟು ಹೊತ್ತು ಮೇಷ್ಟ್ರು ಹಾರ್ಮೋನಿಯಂನ ಒಂದೇ ಸ್ವರವನ್ನು ಒತ್ತಿಹಿಡಿದು ಮಹಾಭಾರತವನ್ನು ನಿಲ್ಲಿಸಿರುತ್ತಾರೆ. ದಾನಿಯ ಹೆಸರು, ಅವನ ತಂದೆಯ ಹೆಸರು, ಊರಿನ ಹೆಸರು ಮೈಕಿನಲ್ಲಿ ಘೋಷಿತವಾದ ಮೇಲೆ ಮೇಷ್ಟ್ರು ಬೆರಳು ಸರಿಸುತ್ತಾರೆ. ಸಂಧಾನವು ಮುರಿದಲ್ಲಿಂದ ಮುಂದುವರಿಯುತ್ತದೆ. ಆ ಒಂದು ಒತ್ತಿಹಿಡಿದ ಸ್ವರದಲ್ಲಿ ಎಷ್ಟು ಲೋಕಜ್ಞಾನವಿದೆಯೆಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ನುಗ್ಗಿ ಬರುವವನನ್ನು ತಡೆಯುವುದಕ್ಕಿಂತ ಅವನಿಗೊಂದು ಹೊತ್ತನ್ನೂ ಎಡೆಯನ್ನೂ ಕೊಟ್ಟು ಕಳುಹಿಸುವುದು ಲೇಸೆಂದು ಮೇಷ್ಟ್ರು ಬಲ್ಲರು.

ಪೇಟೆಯವರು ಇದೇ ಕಾರ್ಯವನ್ನು ಚೀಟಿಯಿಂದ ಸಾಧಿಸಿದರು. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಚಾಮರಾಜಪೇಟೆಯಲ್ಲಿ ಸ್ಥಾಪಿಸಿದ ಶ್ರೀರಾಮಸೇವಾ ಮಂಡಲಿಯ ಸಂಗೀತೋತ್ಸವಕ್ಕೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಾನೂ ವರ್ಷವರ್ಷವೂ ಚಪ್ಪರದ ಕಂಬಕ್ಕೊರಗಿ ಕುಳಿತವನೇ. ಪ್ರಧಾನ ರಾಗ ಮುಗಿದು, ತನಿ ಮುಗಿದು, ದೇವರನಾಮಗಳ ಹೊತ್ತು ಬಂದಿತೆಂದರೆ ಚೀಟಿಗಳು ಹೊರಡುತ್ತಿದ್ದವು. ಬಸ್ಸಿನ ಟಿಕೆಟ್ಟಿನ ಬೆನ್ನ ಮೇಲೆ, ಕಡಲೆಕಾಯಿ ಕಟ್ಟಿದ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆದ ಕೋರಿಕೆಯು ಸಾಲಿನಿಂದ ಸಾಲಿಗೆ ಕೈ ಬದಲಿಸುತ್ತ, ನಡುವೆ ನಾಲ್ಕಾರು ಮಂದಿಯಿಂದ ಓದಿಸಿಕೊಳ್ಳುತ್ತ, ಕಡೆಗೆ ಸ್ವಯಂಸೇವಕನೊಬ್ಬನ ಮೂಲಕ ವೇದಿಕೆಯ ಅಂಚನ್ನು ಸೇರುತ್ತಿತ್ತು. ವಿದ್ವಾಂಸರು ಅದನ್ನು ದೂರ ಹಿಡಿದು ಓದಿ, ಮುಗುಳ್ನಕ್ಕು, ತೊಡೆಯ ಕೆಳಗೆ ಸೇರಿಸುತ್ತಿದ್ದರು. ಹಾಡಿದರೆ ಹಾಡಿದರು, ಇಲ್ಲವಾದರೆ ಇಲ್ಲ. ಕೇಳಿದವನಿಗೂ ಅವಮಾನವಿಲ್ಲ, ಕೇಳಿಸಿಕೊಂಡವರಿಗೂ ಭಂಗವಿಲ್ಲ. ನಿರಾಕರಿಸುವವರಿಗೆ ಬಾಯಿ ತೆರೆಯಬೇಕಾದ ಪ್ರಸಂಗವೇ ಬಾರದಂತೆ ಮಾಡಿದ್ದು ಆ ಕಾಗದದ ಚೂರಿನ ದೊಡ್ಡ ಉಪಕಾರ.

ಈ ಚೀಟಿಯನ್ನು ಅಂಚೆಗೆ ಹಾಕುವ ಪದ್ಧತಿಯನ್ನು ತಂದದ್ದು ರೇಡಿಯೋ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ 'ಆಕಾಶವಾಣಿ'ಯು 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಕೋರಿಕೆಯ ಚಿತ್ರಗೀತೆಗಳ ಕಾರ್ಯಕ್ರಮದಲ್ಲಿ ಒಂದು ಹಾಡಿಗೆ ಮುನ್ನ ಹತ್ತು ಹದಿನೈದು ಹೆಸರುಗಳು, ಅವುಗಳ ಜೊತೆಗೆ ಊರುಗಳು. ನನ್ನ ಸೋದರತ್ತೆ ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟನ್ನು ಮೇಲೆತ್ತಿ ಹಿಡಿದು ಹೆಸರುಗಳನ್ನಷ್ಟೂ ಕೇಳಿ, ಹಾಡು ಶುರುವಾದೊಡನೆ ಸಾಸಿವೆ ಸಿಡಿಸಿ ಅದರ ಪಲ್ಲವಿಯನ್ನೇ ಮುಳುಗಿಸಿಬಿಡುತ್ತಿದ್ದರು.

ಬೊಮ್ಮನಹಳ್ಳಿಯ ಮೊತ್ತಮೊದಲ ಡಿಜೆ ಯಾರೆಂದು ಕೇಳಿದರೆ ನಾನು ಮೈಕ್‌ಸೆಟ್ಟಿನವನನ್ನು ತೋರಿಸುವೆನು. 1968ರಲ್ಲಿ ನಮ್ಮ ಅಕ್ಕನ ಮದುವೆಗೆ ಅವನು ಮಡಿವಾಳದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದನು: ಹುಣಿಸೆಯ ಮರಕ್ಕೆ ಕಟ್ಟುವ ಎರಡು ಹೂವಿನಾಕಾರದ ಸ್ಪೀಕರು, ಒಂದು ಆಂಪ್ಲಿಫೈಯರು, ಪ್ಲೇಟು ತಿರುಗಿಸುವ ಯಂತ್ರ, ಸಣ್ಣ ತಗಡಿನ ಡಬ್ಬಿಯಲ್ಲಿ ಪಿನ್ನುಗಳು, ಮತ್ತು ಕಾಗದದ ಚೀಲಗಳಲ್ಲಿ ಅಂಕೆ ಹಾಕಿ ಜೋಡಿಸಿದ ಹಾಡಿನ ಪ್ಲೇಟುಗಳ ಒಂದು ಟ್ರಂಕು. ಅವನು ಆ ಟ್ರಂಕಿನ ಮೇಲೆಯೇ ಕೂರುತ್ತಿದ್ದನು. ಏಕೆಂಬುದು ನನಗೆ ಮಧ್ಯಾಹ್ನದೊಳಗೆ ತಿಳಿಯಿತು. ಗಂಡಿನ ಕಡೆಯ ಮಾವಂದಿರು, ಊರ ಪಟೇಲರ ಮಗ, ಬೀಗರ ಜೀತದಾಳು, ಪ್ರತಿಯೊಬ್ಬರಿಗೂ ಒಂದೊಂದು ಹಾಡು ಆಗಿಂದಾಗಲೇ ಆಗಬೇಕು. ಹದಿನಾರರ ಪ್ರಾಯದ ನನಗೂ ಆಗಬೇಕಾಗಿತ್ತು. ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವ ಮೂವರು ಸಹಪಾಠಿಗಳಿಗೆ, ನೀವು ಇಳಿಯುವ ಹೊತ್ತಿಗೆ ನಾನು ಹೇಳಿದ ಹಾಡೇ ಮೊಳಗುತ್ತಿರುತ್ತದೆ ಎಂದು ಜಂಬ ಕೊಚ್ಚಿಕೊಂಡಿದ್ದೆನು. ಬಸ್ಸು ತಿರುವಿನಲ್ಲಿ ಕಾಣಿಸಿತು. "ಇರಪ್ಪ, ಮೂರ್ತದ ಹೊತ್ತು, ಓಲಗದೋರು ಊದ್ತಾವ್ರೆ" ಎಂದು ಅವನು ಒಂದು ಗಳಿಗೆ ಎದ್ದು ಚಪ್ಪರದತ್ತ ನೋಡಿದ್ದೇ ತಡ, ನಾನು ಟ್ರಂಕಿಗೆ ಕೈಯಿಕ್ಕಿದೆನು. ಪ್ಲೇಟು ಜಾರಿ ಒರಳುಕಲ್ಲಿನ ಅಂಚಿಗೆ ಬಡಿದು ಮೂರು ತುಂಡಾಯಿತು. ಅವನು ಬೈಯಲಿಲ್ಲ. ತುಂಡುಗಳನ್ನು ಹೊಂದಿಸಿ ನೋಡಿ, ಮತ್ತೆ ಬಿಡಿಸಿ, ಅದೇ ಕಾಗದದ ಚೀಲದೊಳಗೆ ಸೇರಿಸಿ, "ಯಾರ ಮಗ ನೀನು?" ಎಂದಷ್ಟೇ ಕೇಳಿದನು. ಸಂಜೆ ತಂದೆಯವರು ಬಾಡಿಗೆಯ ಜೊತೆಗೆ ಅದರ ಬೆಲೆಯನ್ನೂ ಎಣಿಸಿಕೊಟ್ಟರು.

ಅತ್ತ ದಂಡಿನ ಪ್ರದೇಶದ ಬೆಂಗಳೂರಿನಲ್ಲಿ ಈ ಚರಿತ್ರೆಗೆ ಬೇರೊಂದು ಕವಲಿತ್ತು. ಮಹಾತ್ಮಾ ಗಾಂಧಿ ರಸ್ತೆಯ ತ್ರೀ ಏಸಸ್, ಬ್ಲೂ ಫಾಕ್ಸ್ ಮೊದಲಾದ ಕಡೆಗಳಲ್ಲಿ ವಾದ್ಯವೃಂದವೂ ನರ್ತನವೂ ನಡೆದಿದ್ದವು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಗಳಲ್ಲಿ ಪೀಪಾಯಿಯ ಬಿಯರನ್ನು ಹೂಜಿಯಲ್ಲಿ ಕೊಡುವ ಪಬ್ಬುಗಳೆದ್ದು, ಊರಿಗೆ ಪಬ್ ನಗರಿಯೆಂಬ ಬಿರುದನ್ನು ತಂದವು. ರಾಕ್ ಸಂಗೀತವನ್ನೇ ವ್ರತವಾಗಿಟ್ಟುಕೊಂಡ ಪಬ್ಬುಗಳಲ್ಲಿ ಕ್ಯಾಸೆಟ್ಟು ಬದಲಿಸುವವನು ಬಹುಮಟ್ಟಿಗೆ ಗಲ್ಲೆಯ ಹಿಂದೆ ಕುಳಿತ ಮನುಷ್ಯನೇ. ಅವನಿಗೆ ಕಾಗದದ ಕರವಸ್ತ್ರದ ಮೇಲೆ ಹಾಡಿನ ಹೆಸರು ಬರೆದು ಕಳುಹಿಸುತ್ತಿದ್ದರು. ಕೋಟೆ ಹೈಸ್ಕೂಲಿನ ಚೀಟಿಯೇ ಹೀಗೆ ಬಿಯರಿನಲ್ಲಿ ತೊಯ್ದು ದಂಡಿಗೂ ಬಂದಿತ್ತು.

ಆ ಚೀಟಿ ಹೋದದ್ದು ಪಬ್ಬಿನ ನಡುವೆ ಡಿಜೆಗೊಂದು ಕಟ್ಟೆ ಕಟ್ಟಿದ ಮೇಲೆ. ಸರ್ಕಾರವೂ ಈ ಕಟ್ಟೆಯನ್ನು ಗಮನಿಸದೆ ಬಿಡಲಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಆಧಾರದ ಮೇಲೆ 2005ರಲ್ಲಿ ಹೊರಟ ಆದೇಶವೊಂದು ಬೆಂಗಳೂರಿನ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆಲ್ಲ ಪರವಾನಗಿಯನ್ನು ಕಡ್ಡಾಯಗೊಳಿಸಿತು. 2008ರಲ್ಲಿ ಪೊಲೀಸರು ಅದನ್ನು ಬಿಗಿಯಾಗಿ ಜಾರಿಗೆ ತಂದುದರಿಂದ ಪಬ್ಬುಗಳ ಗೋಡೆಯ ಮೇಲೆ ಕುಣಿಯಕೂಡದೆಂಬ ಫಲಕಗಳು ಕಾಣಿಸಿಕೊಂಡವು. ಜನ ಕುಣಿಯಲೆಂದು ಹಾಡು ಹಾಕುವವನು, ಅವರು ಕುಣಿಯದಂತೆಯೂ ನೋಡಿಕೊಳ್ಳಬೇಕಾದ ಆ ದಿನಗಳ ಸಂಕಟವನ್ನು ನಮ್ಮ ಹಾಸ್ಯಲೇಖಕರು ಬರೆಯದೆ ಬಿಟ್ಟದ್ದು ಆಶ್ಚರ್ಯ. ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಇದರ ನಡುವೆಯೇ 2014ರಲ್ಲಿ ವಾರಾಂತ್ಯಕ್ಕೂ, 2016ರಲ್ಲಿ ವಾರವೆಲ್ಲಕ್ಕೂ ರಾತ್ರಿ ಒಂದು ಗಂಟೆಯವರೆಗೆ ತೆರೆದಿರುವ ಅವಕಾಶ ದೊರೆತು, ಪಬ್ಬುಗಳು ಇಂದಿರಾನಗರ, ಕೋರಮಂಗಲ, ಎಚ್.ಎಸ್.ಆರ್. ಬಡಾವಣೆಗಳಿಗೆ ಹಬ್ಬಿ, ನಮ್ಮ ನೆರೆಗೇ ಬಂದವು.

ನೆರೆಗೆ ಬಂದ ಮೇಲೆ ಜಗಳದ ವಿಷಯವೂ ಬದಲಾಯಿತು. ಈಗ ಅತಿ ತೀವ್ರವಾದ ಕೋರಿಕೆ ಕನ್ನಡದ ಹಾಡಿನದು. 2022ರ ಆರಂಭದಲ್ಲಿ ಕೋರಮಂಗಲದ ಒಂದು ಪಬ್ಬಿನಲ್ಲಿ ಕನ್ನಡ ಹಾಡು ಹಾಕಲಿಲ್ಲವೆಂಬುದರಿಂದ ಎದ್ದ ಮಾತು ಕೈಕೈ ಮಿಲಾಯಿಸುವವರೆಗೂ, ಕನ್ನಡಪರ ಸಂಘಟನೆಗಳ ಪ್ರತಿಭಟನೆಯವರೆಗೂ ಬೆಳೆಯಿತು. 2025ರ ಏಪ್ರಿಲಿನಲ್ಲಿ ನಗರದ ಕಾಲೇಜೊಂದರ ಉತ್ಸವದಲ್ಲಿ ವಿದ್ಯಾರ್ಥಿಯೊಬ್ಬನು ಕನ್ನಡ ಹಾಡೆಂದು ಕೂಗಿದ್ದನ್ನು ಗಾಯಕ ಸೋನು ನಿಗಮ್ ಆಗತಾನೇ ನಡೆದಿದ್ದ ಪಹಲ್ಗಾಮಿನ ಹತ್ಯಾಕಾಂಡದೊಡನೆ ಜೋಡಿಸಿ ಮಾತನಾಡಿ, ನಾಡಿನ ಕೋಪಕ್ಕೆ ಗುರಿಯಾಗಿ, ಕಡೆಗೆ ಕ್ಷಮೆ ಕೇಳಬೇಕಾಯಿತು. ನನ್ನ ಪಕ್ಷಪಾತವನ್ನು ಮರೆಮಾಚುವುದಿಲ್ಲ: ಬೆಂಗಳೂರಿನಲ್ಲಿ ಕುಳಿತು ಕನ್ನಡ ಹಾಡನ್ನು ಕೇಳುವವನು ಅತಿಕ್ರಮಿಯಲ್ಲ, ಅವನು ಕೋರಬೇಕಾಗಿ ಬಂದದ್ದೇ ವಿಪರೀತ. ಆದರೆ ಆ ನ್ಯಾಯವಾದ ಕೋರಿಕೆಯನ್ನೂ ಕೊರಳಪಟ್ಟಿ ಹಿಡಿದೇ ಮಾಡಬೇಕೆಂಬುದನ್ನು ನಾನು ಒಪ್ಪಲಾರೆ. ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವುದೇ ನಮ್ಮ ಪಕ್ಕದ ಬೇಗೂರಿನ ನಾಗೇಶ್ವರ ದೇಗುಲದ ಸುಮಾರು 890ರ ಶಾಸನದಲ್ಲಿ, ಅದೂ 'ಬೆಂಗಳೂರ ಕಾಳಗ'ವೆಂದು, ಎಂಬುದನ್ನು ನೆನೆದರೆ ಈ ಮಣ್ಣಿನ ಗುಣದ ಮೇಲೆಯೇ ಸ್ವಲ್ಪ ಅನುಮಾನ ಬರುತ್ತದೆ.

ನನ್ನ ಬಾಡಿಗೆದಾರನು ಹಾಸನದ ಕಡೆಯವನು. ಕನ್ನಡದ ಹಾಡನ್ನು ಹಾಕಲು ಅವನಿಗೆ ಅಡ್ಡಿಯೇನೂ ಇಲ್ಲ. ಅಡ್ಡಿಯಿರುವುದು ಹಾಡಿಗಲ್ಲ, ಹೊತ್ತಿಗೆ. ಮೇಷ್ಟ್ರ ಒತ್ತಿಹಿಡಿದ ಸ್ವರದ ಸಂಗತಿಯನ್ನೂ ಅಕ್ಕನ ಮದುವೆಯ ಪ್ಲೇಟಿನ ಕಥೆಯನ್ನೂ ಚೀಟಿಯ ಮಹಿಮೆಯನ್ನೂ ನಾನು ಅವನಿಗೆ ವಿಸ್ತಾರವಾಗಿ ಹೇಳಿದಾಗ ಮೊದಲು ನಕ್ಕನು. ಮರುವಾರ ತನ್ನ ಕಟ್ಟೆಯ ಮುಂದೆ ಒಂದು ಪುಟ್ಟ ಪುಸ್ತಕವನ್ನೂ ದಾರ ಕಟ್ಟಿದ ಪೆನ್ನನ್ನೂ ಇಟ್ಟನಂತೆ. ಪೆನ್ನು ಎರಡನೆಯ ದಿನವೇ ಕಳುವಾಯಿತು. ಪುಸ್ತಕವನ್ನು ಮನೆಗೆ ತಂದು ತೋರಿಸಿದನು. ಬಿಯರಿನ ಲೋಟದ ವರ್ತುಲಗಳ ನಡುವೆ ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಬರೆದ ಕೋರಿಕೆಗಳು; ಮೂರನೆಯ ಪಾಲಿನವರು ಹಾಡಿನ ಹೆಸರನ್ನೇ ಬರೆದಿರಲಿಲ್ಲ, ತಮ್ಮ ಹೆಸರನ್ನೂ ಮೇಜಿನ ಸಂಖ್ಯೆಯನ್ನೂ ಬರೆದು ಕೆಳಗೆ ಗೆರೆಯೆಳೆದಿದ್ದರು.

ಪುಸ್ತಕವನ್ನು ಮಡಿಚುತ್ತ ಅವನು, "ಅಂಕಲ್, ಆ ಮದುವೇಲಿ ಒಡೆದುಹೋದ ಪ್ಲೇಟು ಯಾವ ಹಾಡು? ಹೇಳಿ, ಈಗಲೇ ಹಾಕ್ತೀನಿ" ಎಂದು ಫೋನನ್ನು ಕೈಗೆತ್ತಿಕೊಂಡನು. ನಾನು ಬಾಯಿ ತೆರೆದು ಹಾಗೆಯೇ ನಿಂತೆನು. ಹುಣಿಸೆಯ ಮರ, ಒರಳುಕಲ್ಲು, ಬಸ್ಸಿನ ಹಿಂದೆ ಎದ್ದ ಧೂಳು, ಇಳಿದ ಮೂವರಲ್ಲಿ ಒಬ್ಬನು ತೊಟ್ಟಿದ್ದ ಹೊಸ ಕೆಂಪು ಚಪ್ಪಲಿ, ಇವೆಲ್ಲ ಕಣ್ಣಿಗೆ ಕಟ್ಟಿದಂತೆ ಬಂದವು. ಹಾಡು ಬರಲಿಲ್ಲ.